ಲಿವರ್ ಗಡ್ಡೆ ಹುಡುಕಲು ಯಾವುದು ಮೇಲು: ಅಲ್ಟ್ರಾಸೌಂಡೋ, ಐಸಿಜಿಯೋ, ನ್ಯಾವಿಗೇಷನ್ನೋ?

ಸಿಟಿ ಸ್ಕ್ಯಾನ್‌ನಲ್ಲಿ ಎಷ್ಟೇ ಸ್ಪಷ್ಟವಾಗಿ ಕಂಡ ಗಡ್ಡೆಯೂ ಆಪರೇಷನ್ ಹೊತ್ತಿಗೆ ಅದೇ ಜಾಗದಲ್ಲಿ ಇರುವುದಿಲ್ಲ. ಉಸಿರಾಟಕ್ಕೇ ಲಿವರ್ 1-2 ಸೆಂ.ಮೀ ಮೇಲೆ ಕೆಳಗೆ ಹೋಗುತ್ತದೆ. ಅದನ್ನು ಹಿಡಿದಿಟ್ಟ ಲಿಗಮೆಂಟ್ ಬಿಡಿಸಿದರೆ ವಾಲುತ್ತದೆ, ಲ್ಯಾಪರೊಸ್ಕೋಪಿಯ ಗ್ಯಾಸ್ ಒತ್ತಡಕ್ಕೆ ಆಕಾರವನ್ನೇ ಬದಲಿಸುತ್ತದೆ. ಅಲ್ಟ್ರಾಸೌಂಡ್, ಐಸಿಜಿ (ಇಂಡೋಸಯನೈನ್ ಗ್ರೀನ್, ರಕ್ತಕ್ಕೆ ಚುಚ್ಚಿದರೆ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಬಣ್ಣ), 3ಡಿ ಮಾದರಿ ನೋಡಿ ದಾರಿ ಹಿಡಿಯುವ ನ್ಯಾವಿಗೇಷನ್, ಈ ಮೂರೂ ವಿಧಾನಗಳನ್ನು ಈ ಒಂದು ತೊಂದರೆಯ ಎದುರಿಗಿಟ್ಟು ಅಳೆಯಬೇಕು.

ಅಲ್ಟ್ರಾಸೌಂಡ್ ಗೆಲ್ಲುವುದು ಇಲ್ಲೇ. ಲಿವರ್ ಈಗ ಹೇಗಿದೆಯೋ ಹಾಗೇ ತೋರಿಸುತ್ತದೆ. 5-10 ಮೆಗಾಹರ್ಟ್ಜ್ ಪ್ರೋಬ್ ಹಿಡಿದು ಮೊದಲು ಲಿವರ್‌ನಿಂದ ರಕ್ತ ಹೊರಗೊಯ್ಯುವ ಮೂರು ಹೆಪಾಟಿಕ್ ವೇನ್‌ಗಳನ್ನು, ಆಮೇಲೆ ಕರುಳಿನ ರಕ್ತ ತರುವ ಪೋರ್ಟಲ್ ವೇನ್ ಕವಲುಗಳನ್ನು ಗುರುತಿಸಿ, ಅನಂತರ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಪಟ್ಟಿಪಟ್ಟಿಯಾಗಿ ನೋಡಬೇಕು. ಕತ್ತರಿಸುವ ಗೆರೆ ಹಾಕಲು ಕಾಟರಿಯ (ಸುಟ್ಟು ಕತ್ತರಿಸುವ ಉಪಕರಣದ) ತುದಿಯನ್ನು ಪ್ರೋಬ್ ಮತ್ತು ಲಿವರ್ ನಡುವೆ ತೂರಿಸಿ. ಅದರ ಕಪ್ಪು ನೆರಳು ಗಡ್ಡೆಯ ಅಂಚಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆಂದು ಪರದೆಯಲ್ಲೇ ಅಳೆದು, ಅಲ್ಲೇ ಮೇಲ್ಮೈ ಮೇಲೆ ಗುರುತು ಸುಡಿ. ಇದೆಲ್ಲ ಕತ್ತರಿಸುವ ಮುನ್ನವೇ ಮುಗಿಯಬೇಕು, ಸೀಳಿನೊಳಗೆ ಗಾಳಿ ಹೊಕ್ಕರೆ ಚಿತ್ರ ಕೆಡುತ್ತದೆ. ಪ್ರೋಬ್‌ಗೆ ಅಂಟಿದಂತಿರುವ ಮೇಲ್ಮೈ ಗಡ್ಡೆ ತಪ್ಪಿಹೋಗಬಹುದು, ಅದಕ್ಕೆ ಸಲೈನ್ ತುಂಬಿ ಪ್ರೋಬನ್ನು ಸ್ವಲ್ಪ ಮೇಲಕ್ಕೆತ್ತಿ ನೋಡಿ. ಸಿರೋಸಿಸ್ ಬಂದು ಗಂಟುಗಂಟಾದ ಲಿವರ್‌ನಲ್ಲಿ ಮಾತ್ರ ಯಾವ ಗಂಟು ಗಡ್ಡೆ, ಯಾವುದು ಅಲ್ಲ ಎಂದು ಹೇಳುವುದು ನಿಜಕ್ಕೂ ಕಷ್ಟ.

ಐಸಿಜಿಯಾದರೋ, ಅಲ್ಟ್ರಾಸೌಂಡ್ ಸೋಲುವ ಮೇಲ್ಮೈಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಕೆ.ಜಿ.ಗೆ 0.5 ಮಿ.ಗ್ರಾಂ ಡೋಸನ್ನು ಕೆಲವು ದಿನ ಮೊದಲೇ ಕೊಡಬೇಕು. ಹಿಂದಿನ ದಿನ ಕೊಟ್ಟರೆ, ಅದರಲ್ಲೂ ಸಿರೋಸಿಸ್ ಇದ್ದರೆ, ಇಡೀ ಲಿವರ್ ಹೊಳೆಯುತ್ತದೆ, ಗಡ್ಡೆ ಅದರಲ್ಲಿ ಕರಗಿಹೋಗುತ್ತದೆ. ಪುಡಿಯನ್ನು ಸಲೈನ್‌ನಲ್ಲಿ ಕಲಸಬೇಡಿ, ಸ್ಟೆರೈಲ್ ವಾಟರ್ ಮಾತ್ರ. ಅಯೋಡಿನ್ ಅಲರ್ಜಿ ಇದೆಯೇ ಎಂದೂ ಕೇಳಿ. ಲಿವರ್‌ನಲ್ಲೇ ಹುಟ್ಟಿದ, ಚೆನ್ನಾಗಿ ಡಿಫರೆನ್ಷಿಯೇಟ್ ಆದ (ಕೋಶಗಳು ಸಹಜ ಲಿವರ್ ಕೋಶಗಳನ್ನೇ ಹೋಲುವ) ಕ್ಯಾನ್ಸರ್ ಪೂರ್ತಿ ಬೆಳಗುತ್ತದೆ. ಕರುಳಿನಿಂದ ಹರಡಿದ ಗಡ್ಡೆಯ ಸುತ್ತ ಉಂಗುರವಷ್ಟೇ ಕಾಣುತ್ತದೆ. ಬೆಳಕು ಹೊರಗೆ ತಲುಪುವುದು 5-10 ಮಿ.ಮೀ ಆಳದಿಂದ ಮಾತ್ರ. ನಿರಪಾಯಕಾರಿ ಗಂಟುಗಳೂ ಹೊಳೆಯುತ್ತವೆ, ಹಾಗಾಗಿ ಹೊಳೆದದ್ದನ್ನೆಲ್ಲ ಕತ್ತರಿಸುವಂತಿಲ್ಲ.

ಇನ್ನು ನ್ಯಾವಿಗೇಷನ್. ಸುಮಾರು 1 ಮಿ.ಮೀ ಸ್ಲೈಸ್‌ನ ಪೋರ್ಟಲ್ ಫೇಸ್ (ಚುಚ್ಚಿದ ಕಾಂಟ್ರಾಸ್ಟ್ ಪೋರ್ಟಲ್ ವೇನ್ ತುಂಬಿದ ಹೊತ್ತಿನ) ಸಿಟಿಯಿಂದ ರಕ್ತನಾಳ, ಗಡ್ಡೆ ಬೇರ್ಪಡಿಸಿದ 3ಡಿ ಮಾದರಿ ಮಾಡಿ, ಅದನ್ನು ರೋಗಿಯ ಲಿವರ್‌ಗೆ ಹೊಂದಿಸುವುದು. ಉಪಕರಣ ಎಲ್ಲಿದೆಯೆಂದು ಕ್ಯಾಮೆರಾದಿಂದ ಹಿಂಬಾಲಿಸುವ ಆಪ್ಟಿಕಲ್ ಟ್ರ್ಯಾಕಿಂಗ್‌ನಲ್ಲಿ ಕ್ಯಾಮೆರಾಗೂ ಉಪಕರಣಕ್ಕೆ ಕಟ್ಟಿದ ಗುರುತಿನ ಗೋಲಿಗಳಿಗೂ ನಡುವೆ ಅಸಿಸ್ಟೆಂಟ್ ಭುಜ ಅಡ್ಡ ಬಂದರೂ ಸಂಪರ್ಕ ತಪ್ಪುತ್ತದೆ. ಕಾಂತಕ್ಷೇತ್ರದಿಂದ ಹಿಂಬಾಲಿಸುವ ಎಲೆಕ್ಟ್ರೋಮ್ಯಾಗ್ನೆಟಿಕ್‌ಗೆ ಆ ತಾಪತ್ರಯವಿಲ್ಲ, ಆದರೆ ಹತ್ತಿರ ಉಕ್ಕಿನ ರಿಟ್ರ್ಯಾಕ್ಟರ್ ಇದ್ದರೆ ಓದು ಜರುಗುತ್ತದೆ. ಹೊಂದಿಸುವಾಗ ಅನಸ್ತೇಷಿಯಾದವರಿಗೆ ಹೇಳಿ, ಉಸಿರು ಹೊರಬಿಟ್ಟ ಹಂತದಲ್ಲಿ ವೆಂಟಿಲೇಟರ್ ಕ್ಷಣಕಾಲ ನಿಲ್ಲಿಸಿ, ಗಡ್ಡೆಗೆ ಹತ್ತಿರದ ರಕ್ತನಾಳ ಕವಲುಗಳನ್ನು ಆರಿಸಬೇಕು. ಇಡೀ ಲಿವರ್ ಹೊಂದಿಸಲು ಹೋದರೆ ಗಡ್ಡೆಯ ಬಳಿಯೇ ತಪ್ಪು ಹೆಚ್ಚು. ಆಮೇಲೆ, ಹೊಂದಿಸಲು ಬಳಸದ ಇನ್ನೊಂದು ಕವಲಿನ ಮೇಲೆ ಪಾಯಿಂಟರ್ ಇಟ್ಟು ಪರೀಕ್ಷಿಸಿ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಾವು ಮತ್ತೆ ಹೊಂದಿಸುತ್ತೇವೆ. ಕತ್ತರಿಸಲು ಶುರುಮಾಡಿ ಎರಡು ಬದಿ ಬೇರೆಯಾದ ಮೇಲಂತೂ ಆ ಮಾದರಿಯನ್ನು ನಂಬಿ ಅಂಚು ನಿರ್ಧರಿಸಬಾರದು.

ಹಾಗಾದರೆ ಅಷ್ಟು ಖರ್ಚು ಏಕೆ? ಕೀಮೋ ನಂತರ ಮಾಯವಾದ ಗಡ್ಡೆಗಳಿಗಾಗಿ. ಸಿಟಿಯಲ್ಲಿ ಅಳಿಸಿಹೋದರೂ ಅಲ್ಲಿ ಜೀವಂತ ಕ್ಯಾನ್ಸರ್ ಕೋಶ ಉಳಿದಿರಬಹುದು. ಕೀಮೋದಿಂದ ಕೊಬ್ಬು ತುಂಬಿದ ಲಿವರ್‌ನಲ್ಲಿ ಅಲ್ಟ್ರಾಸೌಂಡ್‌ಗೂ ಸಿಗದೆ ಹೋಗಬಹುದು, ಆಳದಲ್ಲಿದ್ದರೆ ಐಸಿಜಿಗೂ ಇಲ್ಲ. ಆಗ ಕೀಮೋಗೆ ಮುಂಚಿನ ಸಿಟಿಯಿಂದ ಮಾಡಿದ ಮಾದರಿ ಎಲ್ಲಿ ಹುಡುಕಬೇಕೆಂದು ಹೇಳಬಲ್ಲದು. ಉಳಿದ ಕೆಲಸಕ್ಕೆ ಹಣ ಒಂದಕ್ಕೇ ಇದ್ದರೆ, ತುದಿ ಬಾಗುವ ಒಳ್ಳೆಯ ಲ್ಯಾಪರೊಸ್ಕೋಪಿಕ್ ಪ್ರೋಬ್ ಕೊಳ್ಳಿ ಎಂದೇ ನಮ್ಮ ಸಲಹೆ. ಮಾಯವಾಗುವ ಸಾಧ್ಯತೆಯಿರುವ 2 ಸೆಂ.ಮೀ.ಗಿಂತ ಚಿಕ್ಕ, ಆಳದ ಗಡ್ಡೆಯಿದ್ದರೆ ಕೀಮೋ ಶುರುವಾಗುವ ಮುನ್ನ ಅದರ ಪಕ್ಕ ಒಂದು ಲೋಹದ ಕಾಯಿಲ್ ಇಡಿಸಿ. ಗಡ್ಡೆ ಮರೆಯಾದರೂ ಕಾಯಿಲ್ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ.