ಮಿಯಾಟಾದ ಟೈರ್, ಶಾಕ್, ಅಲೈನ್‌ಮೆಂಟ್: ಕೆಲವು ವರ್ಷ ಟ್ರ್ಯಾಕಿನಲ್ಲಿ ಓಡಿಸಿದ ಮೇಲೆ

ಕಾರು 2019ರ ಮಾಜ್ದಾ ಎಂಎಕ್ಸ್-5 ಕ್ಲಬ್, ಆರು ಗೇರಿನ ಮ್ಯಾನುವಲ್. ಇಲ್ಲಿ ಎಲ್ಲರೂ ಕರೆಯುವುದು ಮಿಯಾಟಾ ಅಂತ. ಓಡಿಸುವುದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ, ಆಗಾಗ ಅಲ್ಲಿನದೇ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ. ಮೊದಲು ಹಾಕಿದ್ದ ಟೈರ್ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ (ಪಿಎಸ್4ಎಸ್), ಈಗ ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಎರಡೂ 205/45ಆರ್17. ಕಾರಿನ ಜೊತೆ ಬಂದಿದ್ದ ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್ ತೆಗೆಸಿ ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್ ಕಾಯಿಲೋವರ್ (ಶಾಕ್, ಸ್ಪ್ರಿಂಗ್ ಒಟ್ಟಿಗಿರುವ, ಎತ್ತರ ಹೊಂದಿಸಬಹುದಾದ ಸೆಟ್) ಹಾಕಿಸಿದ್ದೇನೆ.

ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ಅಂದ ಕೂಡಲೇ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಯಾವ ಕಾಯಿಲೋವರ್ ಹಾಕ್ಸಿದ್ದೀಯ ಗುರು?" ಎರಡು ಸಾವಿರ ಡಾಲರಿಗೂ ಮೇಲಿನ ಸಾಮಾನು ಅದು, ಕಣ್ಣಿಗೂ ಚೆಂದ. ಆದರೆ ನನ್ನ ಪಟ್ಟಿಯಲ್ಲಿ ಅದರ ಜಾಗ ಕೊನೆ. ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ನಾನು ಹಾಕುವುದು ಮೋಟುಲ್ ಆರ್‌ಬಿಎಫ್ 600. ಹೊಸದಾಗಿದ್ದಾಗ ಅದರ ಕುದಿಯುವ ಬಿಂದು 312 ಡಿಗ್ರಿ ಸೆಲ್ಸಿಯಸ್. ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು), ಆಮೇಲೆ ಟೈರ್. ಶಾಕ್ ವಿಷಯ ಅದಾಗಿ ಬಹಳ ದಿನಕ್ಕೆ.

ಪಿಎಸ್4ಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಟೈರ್. ಅದು ರಸ್ತೆಗೆಂದೇ ಮಾಡಿದ್ದು, ಮಳೆಗೂ ಬಗ್ಗುವುದಿಲ್ಲ. ಟ್ರ್ಯಾಕಿನಲ್ಲಿ ಮೊದಲ ಕೆಲವು ಸುತ್ತು ಚೆನ್ನಾಗಿರುತ್ತದೆ. ಬಿಸಿ ಏರಿದ ಮೇಲೆ ಸ್ಟೀರಿಂಗ್ ಸ್ವಲ್ಪ ಸಡಿಲ ಅನ್ನಿಸುತ್ತದೆ, ಟೈರ್ ಕಿರುಚಲು ಶುರುಮಾಡುತ್ತದೆ. ಹೊಸಬರಿಗೆ ಆ ಕಿರುಚಾಟವೇ ಒಳ್ಳೆಯದು ಎನ್ನುತ್ತೇನೆ. ಗ್ರಿಪ್ ಮುಗಿಯುವ ಮುಂಚೆಯೇ ಕಿವಿಗೆ ಸುದ್ದಿ ಮುಟ್ಟುತ್ತದೆ, ಜಾರಿದರೂ ನಿಧಾನವಾಗಿ ಜಾರುತ್ತದೆ.

ಆರ್‌ಇ-71ಆರ್‌ಎಸ್ ಬೇರೆಯೇ ಜಾತಿ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ (ಎಷ್ಟು ಬಾಳುತ್ತದೆ ಎಂದು ತೋರಿಸುವ ಸವೆತದ ಅಂಕಿ) 200 ಎಂದು ಬರೆದಿರುತ್ತದೆ. ಈ ಅಂಕಿಯನ್ನು ನಂಬಿಕೊಂಡು ಟೈರ್ ಕೊಳ್ಳುವವರು ಇದ್ದಾರೆ, ಅದಕ್ಕೇ ಸ್ವಲ್ಪ ವಿವರ. ಅಮೆರಿಕದ ನಿಯಮದ ಪ್ರಕಾರ ಟೆಕ್ಸಸ್‌ನ ಸ್ಯಾನ್ ಆಂಜಲೋ ಸುತ್ತಿನ ರಸ್ತೆಯಲ್ಲಿ 7,200 ಮೈಲಿ ಓಡಿಸಿ, ಮಾದರಿ ಟೈರಿನ ಜೊತೆ ಸವೆತ ಹೋಲಿಸಿ ನೋಡುತ್ತಾರೆ. ಆದರೆ ಕೊನೆಗೆ ಅಂಕಿ ಬರೆಯುವವರು ಕಂಪನಿಯವರೇ. ಇತ್ತ ಅಮೆರಿಕದ ಕಾರು ಕ್ಲಬ್ ಎಸ್‌ಸಿಸಿಎ ನಡೆಸುವ ಆಟೊಕ್ರಾಸ್ (ಕೋನ್‌ಗಳ ನಡುವೆ ಸಮಯ ನೋಡಿ ಓಡಿಸುವ ಸ್ಪರ್ಧೆ) ಸ್ಟ್ರೀಟ್ ತರಗತಿಯಲ್ಲಿ ಕನಿಷ್ಠ 200 ಇರಲೇಬೇಕು. ಹಾಗಾಗಿ ವೇಗದ ಟೈರುಗಳೆಲ್ಲ ಸರಿಯಾಗಿ 200ಕ್ಕೇ ಬಂದು ನಿಂತಿವೆ! ಹ್ಯಾಂಕೂಕ್ ಆರ್‌ಎಸ್4 ಕೂಡ 200, ಯೊಕೊಹಾಮಾ ಎ052 ಕೂಡ 200. ಮೊದಲನೆಯದು ದಿನವಿಡೀ ಓಡಿದರೂ ತಾಳಿಕೊಳ್ಳುವ ಟೈರ್, ಬಿಸಿಯಾಗಲು ಸಮಯ ಬೇಕು. ಎರಡನೆಯದು ಒಂದೆರಡು ಸುತ್ತು ಸಿಡಿಲಿನ ಹಾಗೆ ಹೋಗುತ್ತದೆ, ಬೇಗ ಕರಗುತ್ತದೆ. ಬ್ರಿಡ್ಜ್‌ಸ್ಟೋನ್ ಇವೆರಡರ ನಡುವೆ, ಎ052 ಕಡೆಗೆ ವಾಲಿಕೊಂಡು ಕೂತಿದೆ.

ಓಡಿಸುವಾಗ ಮೊದಲು ತಿಳಿಯುವ ವ್ಯತ್ಯಾಸ ಬ್ರೇಕಿನಲ್ಲಿ. ಲಗೂನಾ ಸೆಕಾದ ಕಡಿದಾದ ತಿರುವು ಆಂಡ್ರೆಟ್ಟಿ ಹೇರ್‌ಪಿನ್‌ಗೆ ಬರುವಾಗ ಪಿಎಸ್4ಎಸ್‌ನಲ್ಲಿ ಎಲ್ಲಿ ಬ್ರೇಕ್ ಹಾಕುತ್ತಿದ್ದೆನೋ ಅಲ್ಲಿಂದ ಕಾಣುವಷ್ಟು ಮುಂದೆ ಹೋಗಿ ಹಾಕಬಹುದು. ಎರಡನೆಯದು, ಇದು ಅಷ್ಟಾಗಿ ಕಿರುಚುವುದಿಲ್ಲ. ಎಚ್ಚರಿಕೆ ಕಿವಿಗೆ ಬರದೆ ಕೈಗೆ, ಸೀಟಿಗೆ ಬರುತ್ತದೆ. ಅದನ್ನು ಓದಲು ಬಾರದವರಿಗೆ ಈ ಟೈರ್ ಬೇಡ.

ಇನ್ನು ಗಾಳಿ. ಬಾಗಿಲ ಪಕ್ಕದ ಸ್ಟಿಕ್ಕರ್ ಹೇಳುವುದು 29 ಪಿಎಸ್‌ಐ, ಅದು ರಸ್ತೆಯ ಲೆಕ್ಕ. ಟ್ರ್ಯಾಕಿನಲ್ಲಿ ಒಂದು ಸೆಷನ್ ಮುಗಿಸಿ ಬರುವಷ್ಟರಲ್ಲಿ ಆರು ಏಳು ಪಿಎಸ್‌ಐ ಏರಿರುತ್ತದೆ. ಹಾಗಾಗಿ ಬೆಳಿಗ್ಗೆ 25-26ರಲ್ಲಿ ಹೊರಟು, ಬಿಸಿಯಾದಾಗ 31-32ಕ್ಕೆ ಬಂದು ನಿಲ್ಲುವ ಹಾಗೆ ನೋಡಿಕೊಳ್ಳುತ್ತೇನೆ. ಸಾವಿರದ ಅರವತ್ತು ಕೇಜಿ ಆಸುಪಾಸಿನ ಕಾರಿಗೆ ಇಷ್ಟು ಸರಿ. ಭಾರದ ಕಾರಿಗೆ ಹೆಚ್ಚು ಬೇಕು. ಲಗೂನಾದಲ್ಲಿ ಬೆಳಿಗ್ಗೆ ಕಡಲ ಮಂಜು, ಮಧ್ಯಾಹ್ನ ಬಿಸಿಲು. ಬೆಳಗಿನ ಲೆಕ್ಕ ಊಟದ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಗಾಳಿ ಬಿಡಬೇಕು. ಥಂಡರ್‌ಹಿಲ್ ಇರುವ ವಿಲೋಸ್ ಕಡೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಅಲ್ಲಿ ಗಾಳಿಯಷ್ಟೇ ಅಲ್ಲ, ನಡುವೆ ಒಂದು ಸುತ್ತು ನಿಧಾನವಾಗಿ ಓಡಿಸಿ ಟೈರ್ ತಣಿಸುವುದೂ ಬೇಕು. ಸಂಜೆ ಮನೆಗೆ ಹೊರಡುವಾಗ ಮರೆಯದೆ ಮತ್ತೆ ಗಾಳಿ ತುಂಬಿ. ಬಿಸಿಯಲ್ಲಿ 31 ಇದ್ದದ್ದು ಮರುದಿನ ಬೆಳಿಗ್ಗೆ 24 ಆಗಿರುತ್ತದೆ.

ಇಷ್ಟರಲ್ಲಿ ನನಗೆ ಅತಿ ಹೆಚ್ಚು ಪ್ರಯೋಜನಕ್ಕೆ ಬಂದ ಸಾಮಾನು ಟೈರೂ ಅಲ್ಲ, ಶಾಕೂ ಅಲ್ಲ. ಸೂಜಿ ಚುಚ್ಚಿ ರಬ್ಬರಿನ ಬಿಸಿ ಅಳೆಯುವ ಪೈರೋಮೀಟರ್. ಪಿಟ್‌ಗೆ ಬಂದ ತಕ್ಷಣ ಪ್ರತಿ ಟೈರಿನ ಒಳಗಡೆ, ನಡು, ಹೊರಗಡೆ ಅಳೆದು ಬರೆದುಕೊಳ್ಳಬೇಕು. ಲಗೂನಾ ಸೆಕಾ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವ ಟ್ರ್ಯಾಕ್, ಹನ್ನೊಂದು ತಿರುವಿನಲ್ಲಿ ಎಡಕ್ಕೆ ಹೋಗುವವೇ ಹೆಚ್ಚು. ಭಾರವೆಲ್ಲ ಬಲಗಡೆ ಚಕ್ರಗಳ ಮೇಲೆ. ಕಾರ್ಖಾನೆಯ ಅಲೈನ್‌ಮೆಂಟ್‌ನಲ್ಲಿ ನನ್ನ ಬಲ ಮುಂದಿನ ಟೈರಿನ ಹೊರ ಅಂಚು ಒಳ ಅಂಚಿಗಿಂತ ಬಹಳ ಬಿಸಿ ಇರುತ್ತಿತ್ತು. ಅಂದರೆ ಕಾರು ವಾಲಿದಾಗ ಟೈರ್ ತನ್ನ ಭುಜದ ಮೇಲೆ ನಿಂತು ಓಡುತ್ತಿದೆ, ಉಳಿದ ರಬ್ಬರಿಗೆ ಕೆಲಸವೇ ಇಲ್ಲ. ಎಷ್ಟು ದುಬಾರಿ ಟೈರ್ ಹಾಕಿದರೂ ಆ ಹೊರ ಅಂಚೇ ಮೊದಲು ಹೋಗುತ್ತದೆ.

ಇದಕ್ಕೆ ಮದ್ದು ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಸುವುದು. ಮಿಯಾಟಾದಲ್ಲಿ ಬೇರೆ ಸಾಮಾನೇ ಬೇಕಿಲ್ಲ, ನಾಲ್ಕೂ ಮೂಲೆಯಲ್ಲಿ ತಿರುಗಿಸುವ ಬೋಲ್ಟ್ ಇದೆ. ಎತ್ತರ ಇಳಿಸದೆ ನನ್ನ ಕಾರಿನಲ್ಲಿ ಮುಂದೆ ಮೈನಸ್ ಒಂದೂವರೆ ಡಿಗ್ರಿ ಸಿಕ್ಕಿತು. ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ, ಹಿಂದೆ ಸ್ವಲ್ಪ ಟೋ-ಇನ್, ಅಂದರೆ ಒಳಕ್ಕೆ. ಪೈರೋಮೀಟರಿನ ಅಂತರ ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ಮಾತು: ಸ್ಕ್ರೀನಿನಲ್ಲಿ ಹಸಿರು ಬಂದರೆ ಸಾಕು ಎನ್ನುವ ಅಂಗಡಿಗೆ ಹೋಗಬೇಡಿ. ನಿಮಗೆ ಬೇಕಾದ ಅಂಕಿಯನ್ನು ಕಾಗದದಲ್ಲಿ ಬರೆದುಕೊಟ್ಟು, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು ಮಾಡಿಸಿ. ಒಬ್ಬ ಮೆಕ್ಯಾನಿಕ್ ನನ್ನ ಅಂಕಿ ನೋಡಿ "ಇದು ತಪ್ಪು" ಎಂದು ಮತ್ತೆ ಕಾರ್ಖಾನೆಯ ಲೆಕ್ಕಕ್ಕೇ ತಿರುಗಿಸಿ, ಬಿಲ್ ಕೂಡ ಮಾಡಿದ.

ಓಲಿನ್ಸ್‌ಗೆ ಹೋಗಲು ಕಾರಣ ಹೊಸ ಟೈರೇ. ಗ್ರಿಪ್ ಹೆಚ್ಚಿದಷ್ಟೂ ಕಾರು ಹೆಚ್ಚು ವಾಲುತ್ತದೆ. ಮಿಯಾಟಾದ ಸ್ಪ್ರಿಂಗ್ ಮೊದಲೇ ಮೆದು, ಮಾಜ್ದಾದವರು ಬೇಕೆಂದೇ ಹಾಗೆ ಮಾಡಿದ್ದಾರೆ, ರಸ್ತೆಯಲ್ಲಿ ಅದರ ಸೊಗಸೂ ಅದೇ. ಓಲಿನ್ಸ್‌ನ ಗಟ್ಟಿ ಸ್ಪ್ರಿಂಗ್ ಬಂದ ಮೇಲೆ ವಾಲುವುದು ತಗ್ಗಿತು, ಎತ್ತರ ಇಳಿದಿದ್ದರಿಂದ ಮುಂದೆ ಕ್ಯಾಂಬರ್ ಎರಡು ಡಿಗ್ರಿ ತನಕ ಬಂತು. ಶಾಕ್ ಹೊಂದಿಸುವ ತಿರುಪು ಒಂದೇ, ತಿರುಗಿಸಿದರೆ ಕುಗ್ಗುವುದು, ಚಾಚುವುದು ಎರಡರ ಬಿಗಿಯೂ ಒಟ್ಟಿಗೆ ಬದಲಾಗುತ್ತದೆ. ಪೂರ್ತಿ ಮುಚ್ಚಿ ಅಲ್ಲಿಂದ ಕ್ಲಿಕ್ ಎಣಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 101 ಹೆದ್ದಾರಿಯ ಗುಂಡಿಗಳಲ್ಲಿ ನನ್ನ ಹೆಂಡತಿ ಇದುವರೆಗೆ ದೂರು ಹೇಳಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನ್ನ ಹತ್ತಿರ ಇಲ್ಲ.

ಆದರೆ ಅಂದಕ್ಕೆಂದು ನೆಲಕ್ಕೆ ತಾಗುವಷ್ಟು ಇಳಿಸಬೇಡಿ. ಲಗೂನಾ ಸೆಕಾದ ಕಾರ್ಕ್‌ಸ್ಕ್ರೂ ಎಂಬ ಜೋಡಿ ತಿರುವಿನಲ್ಲಿ ಎಂಟನೆಯದರಿಂದ 8ಎಗೆ ಹೋಗುವಷ್ಟರಲ್ಲಿ ಟ್ರ್ಯಾಕ್ 59 ಅಡಿ ಕೆಳಗಿಳಿಯುತ್ತದೆ. ಮೇಲೆ ಕಾರು ಹಗುರಾಗಿ, ಕೆಳಗೆ ಒಮ್ಮೆಲೇ ಕೂತುಬಿಡುತ್ತದೆ. ಅಲ್ಲಿ ಶಾಕ್ ಪೂರ್ತಿ ಕುಗ್ಗಿ ಬಂಪ್ ಸ್ಟಾಪಿಗೆ (ಕೊನೆಯಲ್ಲಿ ತಡೆಯುವ ರಬ್ಬರಿಗೆ) ಬಡಿದರೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ, ಗ್ರಿಪ್ ಥಟ್ಟನೆ ಹೋಗುತ್ತದೆ. ಅದಾದ ಕೂಡಲೇ ಇಳಿಜಾರಿನಲ್ಲೇ ಎಡಕ್ಕೆ ರೇನಿ ಕರ್ವ್. ಬಲ ಮುಂದಿನ ಟೈರಿಗೆ ಇಡೀ ಸುತ್ತಿನ ಅತಿ ಕಷ್ಟದ ಜಾಗ.

ಬೆಂಗಳೂರಿನಿಂದ ಚೆನ್ನೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹ್ಯಾಚ್‌ಬ್ಯಾಕ್ ತೆಗೆದುಕೊಂಡು ಹೋಗುವವರಿಗೆ ಒಂದು ವ್ಯತ್ಯಾಸ ಹೇಳಬೇಕು. ಮಿಯಾಟಾದ ಮುಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರ ಹಿಡಿಯುವ ಸಸ್ಪೆನ್ಷನ್) ಇದೆ, ಶಾಕ್ ಕುಗ್ಗಿದಂತೆ ನೆಗೆಟಿವ್ ಕ್ಯಾಂಬರ್ ಸಿಗುತ್ತದೆ. ನಿಮ್ಮ ಕಾರಿನಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ತೋಳಿಲ್ಲದೆ ಶಾಕೇ ಚಕ್ರ ಹಿಡಿಯುವ ವ್ಯವಸ್ಥೆ) ಇರುತ್ತದೆ, ಅದರಲ್ಲಿ ಆ ಲಾಭ ಬಹಳ ಕಡಿಮೆ. ಬರೀ ಇಳಿಸಿದರೆ ಆಗುವುದಿಲ್ಲ, ಕ್ಯಾಂಬರ್ ಬೋಲ್ಟ್ ಅಥವಾ ಮೇಲಿನ ಮೌಂಟ್ ಬದಲಾಯಿಸಬೇಕು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚು ಪಾಲು ಎಲ್ಲ ಮುಂದಿನ ಟೈರಿಗೇ, ಹಾಗಾಗಿ ಹಿಂದು ಮುಂದು ಬದಲಿಸುತ್ತಿರಿ.

ಬಾಳಿಕೆ: ವರ್ಷವಿಡೀ ಆಫೀಸಿಗೂ ಇದೇ ಟೈರ್ ಎಂದರೆ ಆರ್‌ಇ-71ಆರ್‌ಎಸ್ ಕೊಳ್ಳಬೇಡಿ. ಟ್ರ್ಯಾಕಿಗೆ ಬೇರೆ ರಿಮ್ ಇಟ್ಟುಕೊಳ್ಳುವುದೇ ಕೊನೆಗೆ ಅಗ್ಗ. ಟ್ರೆಡ್ ಅರ್ಧ ಸವೆದ ಮೇಲೆ ಮಳೆಯಲ್ಲಿ ನೀರಿನ ಮೇಲೆ ತೇಲುತ್ತದೆ, ಮಳೆಗಾಲದಲ್ಲಿ ನಾನು ಪಿಎಸ್4ಎಸ್ ಹಾಕಿಕೊಳ್ಳುತ್ತೇನೆ. ಆರ್‌ಇ-71ಆರ್‌ಎಸ್ ವಿನ್ಯಾಸ ಒಂದೇ ದಿಕ್ಕಿಗೆ ಉರುಳಬೇಕಾದದ್ದಲ್ಲ, ಆದ್ದರಿಂದ ಬಲದ ಚಕ್ರಗಳನ್ನು ಎಡಕ್ಕೆ ಹಾಕಿ ಇನ್ನಷ್ಟು ದಿನ ಓಡಿಸಬಹುದು.

ಈಗಲೂ ಬಲ ಮುಂದಿನ ಟೈರಿನ ಹೊರ ಅಂಚು ಸ್ವಲ್ಪ ಬಿಸಿಯೇ ಇದೆ. ಎರಡು ಡಿಗ್ರಿಗೆ ಬೋಲ್ಟ್ ಮುಗಿಯಿತು, ಇನ್ನರ್ಧ ಡಿಗ್ರಿ ಬೇಕಾದರೆ ಸಸ್ಪೆನ್ಷನ್ ತೋಳಿನ ಬುಷ್ ಬದಲಾಯಿಸಬೇಕು. ಈ ಸೆಟ್ ಸವೆಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೇನೆ.