ಲೇಬಲ್ ಮೇಲೆ ಬ್ಯಾಕ್ಟೀರಿಯಾದ ಹೆಸರೇ ಇಲ್ಲದ ಬಾಟಲಿ ಕೊಳ್ಳಬೇಡಿ

ತಾರಸಿ ಮೇಲೆ, ಬಾಲ್ಕನಿಯಲ್ಲಿ ಕುಂಡ ಇಟ್ಟುಕೊಂಡು ಸೊಪ್ಪು ತರಕಾರಿ ಬೆಳೆಯುವವರಿಗೆಲ್ಲ ಈ ಮಾತು. "500 ಕೋಟಿ ಒಳ್ಳೆಯ ಬ್ಯಾಕ್ಟೀರಿಯಾ ಒಂದೇ ಬಾಟಲಿಯಲ್ಲಿ, ಎಲ್ಲಾ ಗಿಡಕ್ಕೂ ಒಂದೇ ಔಷಧಿ" ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಲ್ಲ, ಅಂಥದ್ದೊಂದನ್ನು ತರಿಸಿದ್ದಕ್ಕೆ ನಮ್ಮ ತಾರಸಿಯ ಅರ್ಧದಷ್ಟು ಗಿಡ ಹೋಯಿತು. ದುಡ್ಡಿನ ಲೆಕ್ಕ ಬಿಡಿ, ಲೀಟರಿಗೆ ಆರುನೂರು ಚಿಲ್ಲರೆ. ಆದರೆ ವರ್ಷಗಟ್ಟಲೆ ಹೂ ಕೊಟ್ಟ ದುಂಡು ಮಲ್ಲಿಗೆ ಗಿಡ ಒಣಗಿ ನಿಂತರೆ ಅದಕ್ಕೆ ಯಾರು ರೀಫಂಡ್ ಕೊಡುತ್ತಾರೆ?

ಬಾಟಲಿ ಬಂದದ್ದು ಏಪ್ರಿಲ್ ಬಿಸಿಲಿನಲ್ಲಿ. ಹೊಟ್ಟೆ ಉಬ್ಬಿಕೊಂಡಿತ್ತು. ಮುಚ್ಚಳ ತಿರುಗಿಸುತ್ತಿದ್ದ ಹಾಗೆ ಬುಸ್ ಅಂತ ಗಾಳಿ ಬಂತು, ಜೊತೆಗೆ ಮೂಗು ಉರಿಯುವ ವಾಸನೆ. ಬೆಲ್ಲದ ಕೊಳೆ ಮತ್ತು ಅಮೋನಿಯಾ ಎರಡೂ ಸೇರಿದಂತೆ. ಮಾರಿದವರಿಗೆ ಮೆಸೇಜ್ ಹಾಕಿದೆ. "ಅದು ಜೀವಂತ ಇದೆ ಮೇಡಂ, ಅದಕ್ಕೇ ಉಸಿರಾಡ್ತಾ ಇದೆ, ಧೈರ್ಯವಾಗಿ ಬಳಸಿ" ಅಂತ ಉತ್ತರ ಬಂತು. ಲೇಬಲ್ ಮೇಲೆ ಹಸಿರು ಎಲೆಯ ಚಿತ್ರ, ದೇಸಿ ಹಸುವಿನ ಚಿತ್ರ, "100% ಸಾವಯವ". ತಯಾರಾದ ದಿನಾಂಕದ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿತ್ತು. ಒಳಗಿರುವ ಬ್ಯಾಕ್ಟೀರಿಯಾ ಯಾವುದು ಅಂತ ಎಲ್ಲೂ ಇಲ್ಲ.

ಅವರು ಬರೆದ ಪ್ರಮಾಣದಲ್ಲೇ, ಲೀಟರ್ ನೀರಿಗೆ 10 ಮಿ.ಲೀ. ಬೆರೆಸಿ ಸಂಜೆ ಹೊತ್ತು ಬುಡಕ್ಕೆ ಹಾಕಿದ್ದಾಯಿತು. ಮೂರು ನಾಲ್ಕು ದಿನಕ್ಕೆಲ್ಲ ಮೆಣಸಿನ ಗಿಡದ ಎಲೆ ಕಡು ಹಸಿರಾಗಿ ಮಿರಮಿರ ಮಿಂಚತೊಡಗಿತು. ಮನೆಯವರೆಲ್ಲ ಖುಷಿಪಟ್ಟರು. ಅಸಲಿಗೆ ಅನುಮಾನ ಬರಬೇಕಾದ್ದೇ ಅಲ್ಲಿ. ಬ್ಯಾಕ್ಟೀರಿಯಾ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಅವು ಬೇರಿನ ಸುತ್ತ ನೆಲೆ ಊರಬೇಕು, ಮಣ್ಣಿನಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನೋ ಗಾಳಿಯ ಸಾರಜನಕವನ್ನೋ ಗಿಡಕ್ಕೆ ಸಿಗುವ ಹಾಗೆ ಮಾಡಬೇಕು. ಗುಣ ಕಾಣಲು ವಾರಗಳು ಬೇಕು. ಮೂರೇ ದಿನಕ್ಕೆ ಎಲೆ ಕಪ್ಪು ಹಸಿರಾದರೆ ಅದು ಹೆಚ್ಚಾಗಿ ನೇರ ಸಾರಜನಕದ ಕೆಲಸ. ಅಂದರೆ ರಾಸಾಯನಿಕ ಗೊಬ್ಬರ.

ಎರಡನೇ ಸಲ ಹಾಕಿದ ಮೇಲೆ ಎಲೆಗಳ ಅಂಚು ಕಂದಾಯಿತು. ಪುದೀನ ಪೂರ್ತಿ ಹೋಯಿತು. ಟೊಮ್ಯಾಟೊ ಗಿಡ ನೀರಿದ್ದೂ ಬಾಡಿ ನಿಂತಿತು. ಗ್ರೋ ಬ್ಯಾಗಿನ ಹೊರಮೈ ಮೇಲೆ ಉಪ್ಪು ಉಬ್ಬಿದ ಹಾಗೆ ಬಿಳಿ ಪುಡಿ. ಮಣ್ಣಿನಲ್ಲಿ ಲವಣ ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಮಣ್ಣು ಒದ್ದೆ, ಗಿಡ ಬಾಯಾರಿಕೆಯಿಂದ ಸಾಯುತ್ತದೆ. ದೊಡ್ಡಪತ್ರೆ ಮಾತ್ರ ಏನೂ ಆಗದ ಹಾಗೆ ನಿಂತಿತ್ತು, ಅದರ ಜೀವ ಗಟ್ಟಿ.

ಪಕ್ಕದ ಮನೆ ಅಂಕಲ್ ಹತ್ತಿರ ಆರ್‌ಓ ನೀರು ನೋಡುವ ಟಿಡಿಎಸ್ ಮೀಟರ್ ಇತ್ತು, ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಕರಗಿದ ಲವಣದ ಅಂಕಿ ತೋರಿಸುವಂಥದ್ದು. ನಮ್ಮ ನಲ್ಲಿ ನೀರಿನಲ್ಲಿ ಅದ್ದಿ ನೋಡಿದೆವು, ಆಮೇಲೆ ಅದೇ ನೀರಿಗೆ ಬಾಟಲಿಯ ದ್ರವ ಬೆರೆಸಿ ನೋಡಿದೆವು. ಅಂಕಿ ಹಲವು ಪಟ್ಟು ಜಿಗಿಯಿತು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಈ ಮೀಟರ್ ಪರೀಕ್ಷೆಯನ್ನು ತುಂಬ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಕಾಕಂಬಿ ಬೆರೆಸಿದ್ದರೂ ಅಂಕಿ ಏರುತ್ತದೆ, ಅದರಲ್ಲಿ ಪೊಟ್ಯಾಶ್ ಇರುತ್ತದೆ. ಇನ್ನೊಂದು ಕಡೆ, ಬರೀ ಯೂರಿಯಾ ಬೆರೆಸಿದ್ದರೆ ಮೀಟರ್ ಅದನ್ನು ಹಿಡಿಯುವುದೇ ಇಲ್ಲ, ಯೂರಿಯಾ ನೀರಿನಲ್ಲಿ ಕರಗಿದರೂ ವಿದ್ಯುತ್ ಹರಿಸುವುದಿಲ್ಲ. ಹಾಗಾಗಿ ಅಂಕಿ ಕಡಿಮೆ ಬಂತು ಅಂತ ನಿಮ್ಮ ಬಾಟಲಿ ಶುದ್ಧ ಅಂದುಕೊಳ್ಳಬೇಡಿ.

ಅನುಮಾನ ಗಟ್ಟಿಯಾದದ್ದು ಗೆಳತಿಯಿಂದ. ಅವಳು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾಳೆ. ಅವಳು ಮಾಡಿದ್ದು ಸರಳ ಕೆಲಸ. ದ್ರವವನ್ನು 10 ಲಕ್ಷ ಪಟ್ಟು ತೆಳು ಮಾಡಿ, ಅದರ 1 ಮಿ.ಲೀ. ಅನ್ನು ಅಗಾರ್ ಹಾಕಿದ ತಟ್ಟೆಯಲ್ಲಿ ಬೆಳೆಯಲು ಬಿಡುವುದು. ದ್ರವರೂಪದ ಜೈವಿಕ ಗೊಬ್ಬರದ, ಅಂದರೆ ಬ್ಯಾಕ್ಟೀರಿಯಾ ಗೊಬ್ಬರದ, 1 ಮಿ.ಲೀ.ನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು ಅಂತ ನಿಯಮ. ಅಷ್ಟಿದ್ದರೆ ಆ ತಟ್ಟೆಯಲ್ಲಿ ಸುಮಾರು 100 ಚುಕ್ಕೆ ಮೂಡಬೇಕು, ಒಂದು ಕೋಶಕ್ಕೆ ಒಂದು ಚುಕ್ಕೆ. ನಮ್ಮ ತಟ್ಟೆ ಖಾಲಿ. ಕಡಿಮೆ ತೆಳು ಮಾಡಿದ ತಟ್ಟೆಯಲ್ಲಿ ಏನೇನೋ ಬೆರಕೆ ಬೆಳೆಯಿತು. ಮಾರಿದವರು ಫೋನಿನಲ್ಲಿ "ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಇದೆ" ಅಂದಿದ್ದರು. ಅದು ಗಿಡದ ರೋಗ ತಡೆಯುವ ಬ್ಯಾಕ್ಟೀರಿಯಾ, ಅದನ್ನು ಸರಿಯಾದ ಮಾಧ್ಯಮದಲ್ಲಿ ಬೆಳೆಸಿ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಹಳದಿ ಹಸಿರು ಹೊಳಪು ಕಾಣುತ್ತದೆ. ಹೊಳಪು ಗಿಳಪು ಏನೂ ಇರಲಿಲ್ಲ.

ಈಗ ಆ 500 ಕೋಟಿಯ ಜಾಹೀರಾತಿಗೆ ಬನ್ನಿ. ಲೀಟರ್ ಬಾಟಲಿಯಲ್ಲಿ 500 ಕೋಟಿ ಅಂದರೆ ಮಿ.ಲೀ.ಗೆ 50 ಲಕ್ಷ. ನಿಯಮ ಕೇಳುವುದರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು! ಅವರ ಮಾತು ಸತ್ಯ ಅಂತಲೇ ಇಟ್ಟುಕೊಂಡರೂ ಮಾಲು ಕಳಪೆ. ಕೋಟಿ ಅಂದ ಕೂಡಲೇ ನಮಗೆ ದೊಡ್ಡದು ಅನ್ನಿಸುತ್ತೆ, ಅಲ್ವಾ? ಬ್ಯಾಕ್ಟೀರಿಯಾ ಲೆಕ್ಕದಲ್ಲಿ ಕೋಟಿ ಅನ್ನುವುದು ಚಿಲ್ಲರೆ.

ಈ ನಿಯಮ ಇರುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ. ಜೈವಿಕ ಗೊಬ್ಬರಗಳನ್ನು 2006ರಲ್ಲಿ ಅದರೊಳಗೆ ಸೇರಿಸಿದರು. ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ, ಅಜೋಸ್ಪಿರಿಲಮ್, ಅಜೋಟೋಬ್ಯಾಕ್ಟರ್, ರಂಜಕ ಕರಗಿಸುವ ಪಿಎಸ್‌ಬಿ ಎಲ್ಲ ಅದರ ಅಡಿಯಲ್ಲಿ ಬರುತ್ತವೆ. ಪುಡಿಯಾದರೆ ಗ್ರಾಂಗೆ 5 ಕೋಟಿ ಇರಬೇಕು. ರೋಗ ತಡೆಯಲು ಕೊಡುವ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಬೇರೆ ಸಾಲು. ಅವು ಕೀಟನಾಶಕ ಕಾಯ್ದೆಯ ಅಡಿ ಬರುವುದರಿಂದ ಪ್ಯಾಕೆಟ್ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಅಂದ ಹಾಗೆ ಟ್ರೈಕೋಡರ್ಮಾ ಬ್ಯಾಕ್ಟೀರಿಯಾವೇ ಅಲ್ಲ, ಶಿಲೀಂಧ್ರ. "ಟ್ರೈಕೋಡರ್ಮಾ ಬ್ಯಾಕ್ಟೀರಿಯಾ" ಅಂತ ಬರೆದ ಲೇಬಲ್ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಜೀವಾಣುವಿನ ಹೆಸರು, ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ, ಇವಿಷ್ಟರಲ್ಲಿ ಒಂದು ಇಲ್ಲದಿದ್ದರೂ ಬೇಡ. ಆನ್‌ಲೈನಿನಲ್ಲಾದರೆ ಬಾಟಲಿಯ ಹಿಂಭಾಗದ ಫೋಟೋ ಕೇಳಿ. ಹಿಂಭಾಗ ತೋರಿಸಲು ಹಿಂದೆ ಮುಂದೆ ನೋಡುವವರ ಹತ್ತಿರ ವ್ಯಾಪಾರ ಯಾಕೆ?

"ಎಲ್ಲಾ ಗಿಡಕ್ಕೂ ಒಂದೇ" ಅನ್ನುವುದೂ ಪೂರ್ತಿ ನಿಜವಲ್ಲ. ರೈಜೋಬಿಯಂ ಗಂಟು ಕಟ್ಟುವುದು ಅಲಸಂದೆ, ಅವರೆ, ತೊಗರಿಯಂಥ ದ್ವಿದಳ ಗಿಡಗಳ ಬೇರಿನಲ್ಲಿ. ಅದರಲ್ಲೂ ಒಂದೊಂದು ಗುಂಪಿಗೆ ಒಂದೊಂದು ಬಗೆ. ಟೊಮ್ಯಾಟೊ ಬುಡಕ್ಕೆ ಅದನ್ನು ಸುರಿದು ಸಾರಜನಕಕ್ಕೆ ಕಾಯುವುದು ಸುಮ್ನೆ. ಅಲಸಂದೆ ಗಿಡವನ್ನೊಮ್ಮೆ ಮೆಲ್ಲಗೆ ಕಿತ್ತು ಬೇರಿನ ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಬ್ಯಾಕ್ಟೀರಿಯಾ ದುಡಿಯುತ್ತಿದೆ ಅಂತ ಅರ್ಥ. ಹಾಗೆ ಇದ್ದರೆ ಬಾಟಲಿ ಯಾಕೆ ಬೇಕು?

ಒಳ್ಳೆಯ ಕಂಪನಿಯ ಮಾಲೂ ದಾರಿಯಲ್ಲಿ ಕೆಡಬಹುದು. ಕೊರಿಯರ್ ವ್ಯಾನು, ಗೋಡೌನು, ಬೇಸಿಗೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದಾ? ಬ್ಯಾಸಿಲಸ್ ಜಾತಿಯವು ಸ್ಪೋರ್ ಅನ್ನುವ ಗಟ್ಟಿ ಕವಚ ಕಟ್ಟಿಕೊಂಡು ಬಿಸಿ ತಡೆಯುತ್ತವೆ, ಸ್ಯೂಡೋಮೊನಾಸ್‌ಗೆ ಆ ಶಕ್ತಿ ಇಲ್ಲ. ಬೇಸಿಗೆಯಲ್ಲಿ ದೂರದಿಂದ ತರಿಸಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನವರಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಹಲವು ಜೀವಾಣು ಸೇರಿಸಿ ಮಾಡಿದ ಅವರ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಟಿಯಂ ತರಕಾರಿ ಬೆಳೆಯುವವರಲ್ಲಿ ಹೆಸರಾಗಿದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಇದೆ. ಬೇರೆ ಊರಿನವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ. ಚೆಂದದ ಬಾಟಲಿ ಇರಲ್ಲ, ಪ್ಲಾಸ್ಟಿಕ್ ಪ್ಯಾಕೆಟ್ ಅಷ್ಟೇ.

ಸರಿಯಾದ ಮಾಲು ತಂದರೂ ಕಾವೇರಿ ನೀರಿನ ಕ್ಲೋರಿನ್ ಅದಕ್ಕೆ ಆಗದು. ಬಕೆಟ್‌ನಲ್ಲಿ ಹಿಂದಿನ ರಾತ್ರಿಯೇ ನೀರು ತೆರೆದಿಡಿ. ಗಿಡಕ್ಕೆ ತಾಮ್ರದ ಔಷಧಿ ಹೊಡೆದಿದ್ದರೆ ಎರಡು ವಾರವಾದರೂ ಕಳೆದ ಮೇಲೆ ಬ್ಯಾಕ್ಟೀರಿಯಾ ಹಾಕಿ. ಅಡಿಕೆಗೆ ಬೋರ್ಡೋ ಹೊಡೆಯುವ ಮನೆಯವರಿಗೆ ಇದು ಗೊತ್ತೇ ಇರುತ್ತದೆ. ಗೊಬ್ಬರವೇ ಇಲ್ಲದ ಬರೀ ಕೋಕೋಪೀಟಿಗೆ ಬ್ಯಾಕ್ಟೀರಿಯಾ ಹಾಕಿದರೂ ಅವು ಉಪವಾಸ ಬೀಳುತ್ತವೆ. ನನ್ನನ್ನು ಕೇಳಿದರೆ, ಹತ್ತಿಪ್ಪತ್ತು ಕುಂಡ ಇರುವವರಿಗೆ ತಾಜಾ ಎರೆಗೊಬ್ಬರ ಸಾಕು. ಜೀವಾಣು ಅದರಲ್ಲೇ ಬೇಕಾದಷ್ಟು ಇರುತ್ತವೆ.

ಆರೋಗ್ಯದ ಮಾತು ಕೊನೆಗೆ ಬಂತು, ನಿಜಕ್ಕೂ ಮೊದಲೇ ಹೇಳಬೇಕಿತ್ತು. ಹೆಸರಿಲ್ಲದ ದ್ರವದಲ್ಲಿ ಏನು ಬೆಳೆದಿದೆ ಅಂತ ಯಾರಿಗೂ ಗೊತ್ತಿಲ್ಲ. ಫ್ಲೋರೆಸೆನ್ಸ್‌ನ ಹತ್ತಿರದ ನೆಂಟ ಸ್ಯೂಡೋಮೊನಾಸ್ ಎರುಜಿನೋಸಾ ಮನುಷ್ಯರಿಗೆ ಸೋಂಕು ತರುತ್ತದೆ, ಅದರಲ್ಲೂ ಗಾಯ ಇದ್ದವರಿಗೆ, ಕಾಯಿಲೆಯಿಂದ ನಿತ್ರಾಣ ಆದವರಿಗೆ. ಉಬ್ಬಿದ ಬಾಟಲಿಯನ್ನು ಮುಖದ ಹತ್ತಿರ ತೆರೆಯಬೇಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ ಎಲೆ ಮೇಲೆ ಸ್ಪ್ರೇ ಮಾಡಲೇಬೇಡಿ. ಮನೆಯಲ್ಲೇ ಮಾಡಿದ ಜೀವಾಮೃತಕ್ಕೂ ಈ ಮಾತು ಅನ್ವಯ, ಸಗಣಿಯಲ್ಲಿ ಹೊಟ್ಟೆ ಕೆಡಿಸಬಲ್ಲ ಇ. ಕೋಲಿ ಬ್ಯಾಕ್ಟೀರಿಯಾ ಇರುತ್ತದೆ.

ಈಗಾಗಲೇ ಹಾಕಿ ಎಲೆ ಸುಡುತ್ತಿದ್ದರೆ ಕುಂಡದ ಅಳತೆಯ ಎರಡು ಮೂರು ಪಟ್ಟು ನೀರು ನಿಧಾನಕ್ಕೆ ಹುಯ್ದು ತಳದಿಂದ ಬಸಿದು ಹೋಗಲು ಬಿಡಿ. ಹೊಸ ಚಿಗುರು ಬರುವವರೆಗೆ ಯಾವ ಗೊಬ್ಬರವೂ ಬೇಡ. ನಮ್ಮ ಮೆಣಸು, ಕರಿಬೇವು ಹಾಗೆ ಉಳಿದವು. ಮಲ್ಲಿಗೆ ಉಳಿಯಲಿಲ್ಲ.

ಮಾರಿದವರು ಮೊದಲು "ನೀರು ಜಾಸ್ತಿಯಾಗಿದೆ ಮೇಡಂ" ಅಂದರು. ತಟ್ಟೆಯ ಫೋಟೋ ಕಳಿಸಿದ ಮೇಲೆ ಇನ್ನೊಂದು ಬಾಟಲಿ ಫ್ರೀ ಕೊಡುತ್ತೇವೆ ಅಂದರು. ಬೇಡ ಸರ್, ದುಡ್ಡು ಕೊಡಿ ಅಂದಾಗ ಬ್ಲಾಕ್ ಮಾಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ಬಿಲ್ಲು, ಲೇಬಲ್ಲಿನ ಎರಡೂ ಬದಿಯ ಫೋಟೋ, ಅರ್ಧ ಉಳಿದ ಬಾಟಲಿ ಎಲ್ಲ ಎತ್ತಿಟ್ಟುಕೊಳ್ಳಿ. ಗೊಬ್ಬರ ಅಂತ ಮಾರಿದ್ದರೆ ಕೃಷಿ ಇಲಾಖೆಯವರಿಗೂ ತಿಳಿಸಿ, ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಅಲ್ಲಿನ ಇನ್‌ಸ್ಪೆಕ್ಟರ್‌ಗಳಿಗೆ ಇದೆ. ಮೊನ್ನೆ ಇನ್ನೊಂದು ಹೆಸರಿನ ಜಾಹೀರಾತು ಬಂತು. ಅದೇ ಹಸು, ಅದೇ ಎಲೆ. ಈಗ 700 ಕೋಟಿಯಂತೆ.