ತೈ ಚಿ: 24ರ ವರಸೆ, ಚೆನ್ ಮನೆತನ, ಹುವಾಂಗ್ ಶಾಖೆ – ನನ್ನ ಓಟು ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹುವಾಂಗ್ ಶಾಖೆಗೆ. ಕೆಲಸಕ್ಕೆಂದು ಸಿಂಗಪುರಕ್ಕೆ ಬಂದ ಮೇಲೆ ಮೂರು ಕಡೆ ತೈ ಚಿ, ಅಂದರೆ ಚೀನಾದ ನಿಧಾನ ಚಲನೆಯ ಸಮರ ಕಲೆ, ಕಲಿತು ನೋಡಿದೆ. ಈಗಲೂ ದುಡ್ಡು ಕೊಟ್ಟು ಹೋಗುತ್ತಿರುವುದು ಅಲ್ಲಿಗೆ ಮಾತ್ರ. ಊರಿನ ಗೆಳೆಯರು "ಎಲ್ಲಾ ಒಂದೇ ಅಲ್ವಾ, ನಿಧಾನಕ್ಕೆ ಕೈ ಆಡಿಸೋದು" ಎನ್ನುತ್ತಾರೆ. ಮೂರೂ ಕಡೆ ಮೈ ನೋಯಿಸಿಕೊಂಡವನಿಗೆ ಹಾಗನ್ನಿಸುವುದಿಲ್ಲ. ವಿದ್ಯೆ ಯಾರ ಕೈಯಿಂದ ಯಾರಿಗೆ ಬಂತು ಎನ್ನುವುದರ ಮೇಲೆ ಕ್ಲಾಸಿನ ರೀತಿಯೇ ಬದಲಾಗುತ್ತದೆ.

24ರ ವರಸೆ, ಅಂದರೆ 24 ಭಂಗಿಗಳದ್ದು, ಸುಲಭ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ತೈ ಚಿಯದೇ ಒಂದು ಶಾಖೆಯಾದ ಯಾಂಗ್ ಶೈಲಿಯಿಂದ ಆರಿಸಿ ಕಟ್ಟಿಸಿದ್ದು, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ಬ್ಲಾಕಿನ ಕೆಳಗೇ ಬೆಳಿಗ್ಗೆ ಮಾಡುತ್ತಾರೆ. ಗುರು ಪರಂಪರೆಯ ತಂಟೆ ಇಲ್ಲ, ತಿದ್ದುವವರೂ ಇಲ್ಲ. ಮುಂದಿನ ಸಾಲಿನ ಆಂಟಿ ತಪ್ಪಿದರೆ ಹಿಂದಿನವರೆಲ್ಲ ಒಟ್ಟಿಗೇ ತಪ್ಪುತ್ತೇವೆ.

ಚೆನ್ ಶೈಲಿಯ ಗರಡಿಯಲ್ಲಿ ಗೋಡೆ ತುಂಬಾ ಫೋಟೋ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಹಳ್ಳಿಯ ಮನೆತನ ಅದು. ಮನೆತನದ 9ನೇ ತಲೆಮಾರಿನ ಚೆನ್ ವಾಂಗ್‌ಟಿಂಗ್‌ನಿಂದ ತೈ ಚಿಯ ಲೆಕ್ಕ ಶುರು. 17ನೇ ತಲೆಮಾರಿನ ಚೆನ್ ಫಾಕೆ 1928ರಲ್ಲಿ ಬೀಜಿಂಗ್‌ಗೆ ಹೋಗಿ ಹೊರಗಿನವರಿಗೂ ಕಲಿಸಿದರು. ಮೇಷ್ಟ್ರು ತಮ್ಮ ಪರಿಚಯ ಹೇಳುವಾಗ ಹೆಸರಿನ ಜೊತೆಗೇ ತಲೆಮಾರಿನ ನಂಬರನ್ನೂ ಹೇಳುತ್ತಿದ್ದರು. ಇಷ್ಟು ಗಟ್ಟಿ ವಂಶಾವಳಿ ಇದ್ದ ಮೇಲೆ ಪಾಠದಲ್ಲಿ ಗೊಂದಲ ಎಲ್ಲಿಂದ ಬರಬೇಕು?

ಬಂತು. ವಾರದ ದಿನಗಳಲ್ಲಿ ಒಬ್ಬರು ಮೇಷ್ಟ್ರು, ಶನಿವಾರ ಇನ್ನೊಬ್ಬರು. ಮೊದಲನೆಯವರದು ಲಾವ್‌ಜಿಯಾ, ಅಂದರೆ ಹಳೇ ಚೌಕಟ್ಟು. ಶನಿವಾರದವರದು ಶಿನ್‌ಜಿಯಾ, ಹೊಸದು. ಇಬ್ಬರೂ ಒಂದೇ ಮನೆತನದ ವಿದ್ಯೆಯನ್ನೇ ಕಲಿಸುತ್ತಿದ್ದರು, ಯಾರದೂ ಸುಳ್ಳಲ್ಲ. ಅದೇ ಮನೆತನದ ಚೆನ್ ಜಾವ್‌ಪಿ 1958ರಲ್ಲಿ ಹಳ್ಳಿಗೆ ವಾಪಸ್ ಬಂದು ಅಲ್ಲಿನ ಹುಡುಗರನ್ನು ತಯಾರು ಮಾಡಿದರು. 1970ರ ದಶಕದಲ್ಲಿ ಫಾಕೆಯವರ ಮಗ ಚೆನ್ ಜಾವ್‌ಕುಯಿ ಅಲ್ಲಿಗೇ ಬಂದು, ತಂದೆ ಬೀಜಿಂಗ್‌ನಲ್ಲಿ ಕಲಿಸಿದ್ದನ್ನು ತೋರಿಸಿದರು. ಮೊದಲು ಕಲಿತದ್ದು ಹಳೆಯದಾಯಿತು, ಆಮೇಲೆ ಬಂದದ್ದು ಹೊಸದಾಯಿತು. ಹಳ್ಳಿಯವರು ಎರಡನ್ನೂ ಕಲಿತರು.

ಅವರಿಗೆ ಸರಿ, ದಿನವಿಡೀ ಅದೇ ಕೆಲಸ. ನನ್ನ ಪಾಡು ಕೇಳಿ. ಶುರುವಿಗೇ ಜಿನ್‌ಗಾಂಗ್ ದಾವೋ ದುಯಿ ಅಂತ ಒಂದು ಪಟ್ಟು ಬರುತ್ತದೆ. ಕೊನೆಗೆ ಬಲಮುಷ್ಟಿ ಎಡ ಅಂಗೈ ಮೇಲೆ ಬೀಳಬೇಕು, ಬಲಗಾಲು ನೆಲ ಗುದ್ದಬೇಕು. ಹಳೇ ಚೌಕಟ್ಟಿನಲ್ಲಿ ಅಲ್ಲಿಯವರೆಗೆ ಕೈ ಸಲೀಸಾಗಿ ಹೋಗುತ್ತದೆ. ಶನಿವಾರ ಮಾತ್ರ ದಾರಿಯಲ್ಲಿ ಮಣಿಕಟ್ಟು ಇನ್ನೊಂದು ಸುತ್ತು ತಿರುಗಬೇಕು, ಎದೆ ಒಳಕ್ಕೆ ಮಡಚಿ ಬಿಚ್ಚಬೇಕು. ಮುಂದಿನ ಮಂಗಳವಾರ ಆ ಸುತ್ತು ತಾನಾಗಿಯೇ ಬಂದುಬಿಡುತ್ತಿತ್ತು. "ಇದನ್ನು ಯಾರು ಹೇಳಿಕೊಟ್ಟರು?" ಅದನ್ನು ಬಿಟ್ಟು ಹೋದರೆ ಶನಿವಾರ "ಎದೆ ಎಲ್ಲಿ?" ಏನು ಮಾಡಲಿ ಅಂತ ಇಬ್ಬರನ್ನೂ ಕೇಳಿದೆ. ಇಬ್ಬರದೂ ಒಂದೇ ಉತ್ತರ: ಮೊದಲು ಒಂದನ್ನು ಸರಿಯಾಗಿ ಕಲಿ. ಯಾವುದನ್ನು ಅಂತ ಇಬ್ಬರೂ ಹೇಳಲಿಲ್ಲ. ಶನಿವಾರ ಬೇಡ ಅಂದರೆ ಫೀಸೇನೂ ಕಮ್ಮಿ ಮಾಡುತ್ತಿರಲಿಲ್ಲ.

ಸೂಕ್ಷ್ಮವಾಗಿ ತಿದ್ದುವುದೆಲ್ಲ ಬಾಯ್‌ಶಿ ಆದವರಿಗೆ. ಗುರುವಿನ ಮುಂದೆ ಮಂಡಿಯೂರಿ ಟೀ ಕೊಟ್ಟು ಶಿಷ್ಯನಾಗುವ ಶಾಸ್ತ್ರ ಅದು, ನಮ್ಮ ಹಿಂದೂಸ್ತಾನಿ ಸಂಗೀತದ ಗಂಡಾಬಂಧನದ ಹಾಗೆ. ಅದಾದರೆ ಹೆಸರು ವಂಶಾವಳಿಗೆ ಸೇರುತ್ತದೆ. ತಪ್ಪೇನಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ವರ್ಕ್ ಪಾಸ್ ನವೀಕರಣಕ್ಕೆ ಕಾಯುವವನು ಜೀವನಪೂರ್ತಿಯ ಮಾತು ಹೇಗೆ ಕೊಡುವುದು?

ಟೈಲ್ಸ್ ನೆಲದ ಮೇಲೆ ಕಾಲು ಗುದ್ದಿ ಗುದ್ದಿ ಮಂಡಿ ನೋವೂ ಬಂತು.

ಹುವಾಂಗ್ ಶಾಖೆಯ ಬೇರೂ ಅದೇ ಹಳ್ಳಿಯಲ್ಲಿದೆ. ಹೊರಗಿನವನಾದ ಯಾಂಗ್ ಲುಚಾನ್ 14ನೇ ತಲೆಮಾರಿನ ಚೆನ್ ಚಾಂಗ್‌ಶಿಂಗ್ ಹತ್ತಿರ ಕಲಿತ. ಯಾಂಗ್ ಶೈಲಿ ಶುರುವಾದದ್ದು ಅವನಿಂದಲೇ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು, ಆತನ ಶಿಷ್ಯ ಚೆಂಗ್ ಮಾನ್‌ಚಿಂಗ್. ಉದ್ದದ ವರಸೆಯನ್ನು 37 ಭಂಗಿಗೆ ಇಳಿಸಿದ್ದು ಇವರೇ. ಹುವಾಂಗ್ ಶೆಂಗ್‌ಶ್ಯಾನ್ ಫುಜಿಯಾನ್‌ನಲ್ಲಿ ಬಿಳಿ ಕೊಕ್ಕರೆ ಎಂಬ ಕುಂಗ್ ಫು ಶೈಲಿ ಕಲಿತು ಪಳಗಿದವರು. ತೈವಾನ್‌ನಲ್ಲಿ ಚೆಂಗ್ ಅವರನ್ನು ಕಂಡ ಮೇಲೆ ತೈ ಚಿಯನ್ನು ಮೊದಲಿಂದ ಶುರು ಮಾಡಿದರು. 1950ರ ದಶಕದಲ್ಲಿ ಸಿಂಗಪುರಕ್ಕೆ ಬಂದು, ಆಮೇಲೆ ಮಲೇಷ್ಯಾದಲ್ಲೆಲ್ಲ ಕಲಿಸಿದರು. 1970ರಲ್ಲಿ ಮಲೇಷ್ಯಾದ ಕುಚಿಂಗ್‌ನಲ್ಲಿ ಒಬ್ಬ ಕುಸ್ತಿ ಪಟುವನ್ನು 26–0 ಅಂತರದಲ್ಲಿ ಸೋಲಿಸಿದ ಕಥೆಯನ್ನು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ.

ನನಗೆ ಹಿಡಿಸಿದ್ದು ಆ ಕಥೆಯಲ್ಲ, ಕ್ಲಾಸಿನ ಕೊನೆಯ ಅರ್ಧ. ಹೊಸಬರಿಗೂ ತುಯಿ ಶೌ ಇದೆ, ಅಂದರೆ ಇಬ್ಬರು ಕೈಗೆ ಕೈ ತಾಗಿಸಿ ತಳ್ಳುವ ಅಭ್ಯಾಸ. ಮೇಷ್ಟ್ರು ಮುಂಗೈ ಕೊಟ್ಟು "ತಳ್ಳು" ಎನ್ನುತ್ತಾರೆ. ತಳ್ಳಿದರೆ ಅಲ್ಲಿ ಏನೂ ಸಿಗುವುದಿಲ್ಲ. ನನ್ನ ಹಿಮ್ಮಡಿಯೇ ಮೇಲೇಳುತ್ತದೆ. ಆಮೇಲೆ ಅವರು ನನ್ನ ಭುಜದ ಹಿಂದೆ ಎರಡು ಬೆರಳಿಟ್ಟು "ಇಲ್ಲಿ ಗಟ್ಟಿ ಹಿಡಿದಿದ್ದೀಯ" ಎನ್ನುತ್ತಾರೆ. ವರಸೆಯಲ್ಲಿ ಯಾರ ಕಣ್ಣಿಗೂ ಕಾಣದ ತಪ್ಪು ಅದು.

ಬೇಸರವೂ ಇದೆ. ಹುವಾಂಗ್ ಕಟ್ಟಿದ ಐದು ಸಡಿಲಿಸುವ ವ್ಯಾಯಾಮಗಳಲ್ಲೇ ತಿಂಗಳುಗಳು ಹೋಗುತ್ತವೆ. ವಿಡಿಯೋ ಹಾಕಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ.

ದಿನವಿಡೀ ಎಸಿಯಲ್ಲಿ ಕೂತು ಭುಜ ಬಿಗಿಯಾದ ನನ್ನಂಥವನಿಗೆ ಇದೇ ಸರಿ. ಫೀಸೂ ಚೆನ್ ಗರಡಿಗಿಂತ ಕಮ್ಮಿ. ಮಂಡಿ ಗಟ್ಟಿ ಇದ್ದು, ಒಂದೇ ಊರಲ್ಲಿ ನೆಲೆ ನಿಲ್ಲುವವರಾದರೆ ಚೆನ್‌ಗೇ ಹೋಗಿ, ಅದರ ಕಸುವೇ ಬೇರೆ. ಶನಿವಾರ ಯಾರು ಕಲಿಸುತ್ತಾರೆ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಬೇಗ ಊರಿಗೆ ವಾಪಸಾಗುವವರಿಗೆ 24 ಸಾಕು, ತಳ್ಳಲು ಜೊತೆಗಾರ ಬೇಕಿಲ್ಲ. ಯಾವುದಕ್ಕೆ ಸೇರಿದರೂ ಟ್ರಯಲ್ ಕ್ಲಾಸಿನಲ್ಲಿ ಮೇಷ್ಟ್ರ ಕೈ ಮುಟ್ಟಲು ಬಿಡುತ್ತಾರಾ ನೋಡಿ. ಬಿಡದವರು ವರ್ಷದ ಫೀಸು ಒಟ್ಟಿಗೆ ಕೇಳಿದರೆ ಕೊಡಬೇಡಿ.